ಹಸಿರು ದೀಪಕ್ಕೆ ಸಾಕ್ಷಿ ಯಾರು?

ನಂಬಿಕೆ ಎಂಬುದು ಸಂಸಾರಕ್ಕೂ ಬೇಕು, ಸಂಘಕ್ಕೂ ಬೇಕು. ಆದರೆ ನಂಬಿಕೆಗೆ ಒಂದು ಆಧಾರವಿರಬೇಕಷ್ಟೆ. ಸಂಘದ ಹಣವನ್ನು ಖಜಾಂಚಿಯ ಕೈಗೆ ಕೊಡುವಾಗ ನಾವು ಅವರ ಮುಖ ನೋಡಿಯೇ ಕೊಡುತ್ತೇವೆ, ನಿಜ. ಆದರೂ ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರನ್ನು ಕರೆಸಿ, ಪಾಸ್‌ಬುಕ್ ತೆಗೆಸಿ, ರಸೀತಿ ಪುಸ್ತಕಗಳನ್ನು ಎಣಿಸುತ್ತೇವೆ. ಇದರಿಂದ ಖಜಾಂಚಿಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಹೀಗಿರುವಾಗ, ಹಣಕ್ಕಿಂತ ಬೆಲೆಯುಳ್ಳ ನಮ್ಮ ನೆನಪುಗಳನ್ನು ಕಚೇರಿಯ ಮೂಲೆಯಲ್ಲಿ ಗುಂಯ್‌ಗುಡುವ ಒಂದು ಕಪ್ಪು ಪೆಟ್ಟಿಗೆಯ ವಶಕ್ಕೆ ಕೊಟ್ಟು, ಅದರ ಮುಂಭಾಗದಲ್ಲಿ ಹಸಿರು ದೀಪ ಉರಿಯುತ್ತಿದೆಯೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಿರುವುದು ಯಾವ ನ್ಯಾಯ? ಆ ದೀಪಕ್ಕೆ ಸಾಕ್ಷಿ ಯಾರು? ಈ ಪ್ರಶ್ನೆಯನ್ನು ಓದುಗರ ಮುಂದಿಡುವುದೇ ನಮ್ಮ ಉದ್ದೇಶ.

ಇದು ಕೇವಲ ಕಂಪ್ಯೂಟರ್ ಬಲ್ಲವರ ವಿಷಯ, ನಮಗೇಕೆ ಎಂದು ಯಾರೂ ಪುಟ ತಿರುವಬಾರದಾಗಿ ವಿನಂತಿ. ಹೊರನಾಡ ಕನ್ನಡಿಗರಾದ ನಮಗೆ ಇದು ಬೇರೆಯವರಿಗಿಂತ ಹೆಚ್ಚು ಸಂಬಂಧಿಸಿದ ವಿಷಯ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆ ಜಿಲ್ಲೆಗಳಿಂದ ಓದಿಗೆ, ನೌಕರಿಗೆ, ವ್ಯಾಪಾರಕ್ಕೆಂದು ಬಂದು ಈ ನಗರದಲ್ಲಿ ನೆಲೆಸಿದ್ದ ಕುಟುಂಬಗಳು ಬಹುಪಾಲು ಇಲ್ಲಿಯೇ ಉಳಿದವು. ಅವರ ಚರಿತ್ರೆಯನ್ನು ಯಾವ ಸರಕಾರ ಬರೆಸಿದೆ? ಆಂಧ್ರ ಬರೆಸಲಿಲ್ಲ, ಕರ್ನಾಟಕಕ್ಕೆ ಬಿಡುವಾಗಲಿಲ್ಲ. ಆ ಚರಿತ್ರೆ ಇರುವುದು ಕಾಚಿಗೂಡ ಮೊದಲಾದ ಬಡಾವಣೆಗಳ ಹಳೆಯ ಕನ್ನಡ ಮನೆಗಳ ಟ್ರಂಕುಗಳಲ್ಲಿ. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗಳು, ಕನ್ನಡ ಶಾಲೆಯ ಉಪಾಧ್ಯಾಯರ ಗುಂಪು ಚಿತ್ರಗಳು, ನಾಟಕದ ಕ್ಯಾಸೆಟ್ಟುಗಳು, ಸ್ಮರಣ ಸಂಚಿಕೆಗಳು, ಮಹಾಸಭೆಯ ನಡವಳಿ ಪುಸ್ತಕಗಳು, ಇವೇ ನಮ್ಮ ಶಾಸನಗಳು. ಇವುಗಳ ಎರಡನೆಯ ಪ್ರತಿ ಬೆಂಗಳೂರಿನಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ.

ಈಚಿನ ವರ್ಷಗಳಲ್ಲಿ ಇವನ್ನೆಲ್ಲ ಸ್ಕ್ಯಾನ್ ಮಾಡಿಡುವ ಉತ್ಸಾಹ ಎಲ್ಲೆಡೆ ಕಾಣುತ್ತಿದೆ. ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಸ್ಕ್ಯಾನ್ ಆದ ಮೇಲೆ ಆಗುವುದೇನು? ‘ಇನ್ನು ಈ ಕಾಗದದ ರಾಶಿ ಯಾಕೆ, ಗೆದ್ದಲಿಗೆ ಆಹಾರ’ ಎಂದು ಮೂಲಪ್ರತಿಗಳನ್ನು ರದ್ದಿಯವನಿಗೆ ತೂಗಿ ಕೊಡುತ್ತಾರೆ. ಅಂದಿನಿಂದ ಆ ಪೆಟ್ಟಿಗೆಯೊಂದೇ ಗತಿ. ಕೇಳಿದರೆ ಹೆಮ್ಮೆಯಿಂದ ಹೇಳುತ್ತಾರೆ: ‘ಭಯವಿಲ್ಲ ಸ್ವಾಮಿ, ಒಳಗೆ ಎರಡು ಹಾರ್ಡ್ ಡಿಸ್ಕ್ ಇವೆ, ರೇಡ್ ಹಾಕಿಸಿದ್ದೇವೆ!’

ಈ ರೇಡ್ ಎಂಬುದು ಆದಾಯ ತೆರಿಗೆಯವರ ರೇಡ್ ಅಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1988ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಬರೆದರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸಾಲಾಗಿ ಜೋಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಬಹುದೆಂಬುದು ಅವರ ವಾದ. ಆ ಹೆಸರಿನ ಮೊದಲಕ್ಷರಗಳೇ ರೇಡ್. ಅವರು ಇಟ್ಟ ಹೆಸರಿನಲ್ಲಿ ‘ಅಗ್ಗದ’ ಎಂಬ ಮಾತಿತ್ತು. ವ್ಯಾಪಾರಸ್ಥರಿಗೆ ಅದು ರುಚಿಸಲಿಲ್ಲ. ಅದೇ ಮೊದಲಕ್ಷರದ ‘ಸ್ವತಂತ್ರ’ ಎಂಬ ಮಾತು ಆ ಜಾಗಕ್ಕೆ ಬಂತು. ಹೆಸರಿನ ಈ ಬದಲಾವಣೆಯಲ್ಲಿಯೇ ಮೊದಲ ಮೋಸ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಅದನ್ನು ಮುಂದೆ ನೋಡೋಣ.

ಜೋಡಣೆಯ ಮರ್ಮ ಸರಳವಾದದ್ದು. ಒಂದು ಬಗೆಯಲ್ಲಿ ಎರಡು ಡಿಸ್ಕುಗಳಲ್ಲಿಯೂ ಅದದೇ ಬರೆಯುತ್ತದೆ. ಇದನ್ನು ‘ಕನ್ನಡಿ’ ಎನ್ನುತ್ತಾರೆ. ಇನ್ನೊಂದು ಬಗೆ ನಮ್ಮ ಖರ್ಚಿನ ಪುಸ್ತಕದಂತೆ. ನಾಲ್ಕು ಬಾಬುಗಳ ಖರ್ಚು ಬರೆದು ಕೆಳಗೆ ಮೊತ್ತ ಬರೆದಿದ್ದೀರಿ. ಒಂದು ಬಾಬಿನ ಮೇಲೆ ಮಸಿ ಚೆಲ್ಲಿತೆನ್ನಿ. ಮೊತ್ತದಿಂದ ಉಳಿದ ಮೂರನ್ನು ಕಳೆದರೆ ಅಳಿಸಿಹೋದದ್ದು ಸಿಕ್ಕಿತು. ಎರಡು ಬಾಬುಗಳ ಮೇಲೆ ಮಸಿ ಚೆಲ್ಲಿದರೆ ಸಿಗದು. ಇನ್ನು ಮೂರನೆಯ ಸಂದರ್ಭವೊಂದುಂಟು: ಮಸಿ ಎಲ್ಲಿಯೂ ಚೆಲ್ಲಿಲ್ಲ, ಎಲ್ಲ ಅಂಕೆಗಳೂ ಮುದ್ದಾಗಿ ಕಾಣುತ್ತಿವೆ, ಆದರೆ ಮೊತ್ತ ತಾಳೆಯಾಗುತ್ತಿಲ್ಲ. ಆಗ ತಪ್ಪಿರುವುದು ಯಾವ ಬಾಬು? ಪುಸ್ತಕವೊಂದನ್ನೇ ನೋಡಿ ಹೇಳಲು ಬ್ರಹ್ಮನಿಂದಲೂ ಆಗದು. ಈ ಮೂರನೆಯ ಸಂದರ್ಭವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಹಿಂದೆ ಈ ಜೋಡಣೆಗೆ ಬೇರೆಯೇ ಯಂತ್ರ ಬೇಕಿತ್ತು. ಈಗ ಕಂಪ್ಯೂಟರಿನ ತಂತ್ರಾಂಶವೇ ಅದನ್ನು ಮಾಡುತ್ತದೆ. ಇದೇ ಸಾಫ್ಟ್‌ವೇರ್ ರೇಡ್. ಸಿಕಂದರಾಬಾದಿನ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಎರಡು ಡಿಸ್ಕು ಕೊಂಡು ತಂದರೆ, ಬಲ್ಲ ಹುಡುಗನೊಬ್ಬ ಸಂಜೆಯೊಳಗೆ ಜೋಡಿಸಿ ಕೊಡುತ್ತಾನೆ. ಸಿದ್ಧವಾಗಿ ಸಿಗುವ ಪುಟ್ಟ ಪೆಟ್ಟಿಗೆಗಳ ಒಳಗೂ ಹೆಚ್ಚಾಗಿ ಲಿನಕ್ಸ್‌ನ ಈ ತಂತ್ರಾಂಶವೇ ಕೆಲಸ ಮಾಡುತ್ತಿರುತ್ತದೆ. ಈ ತಂತ್ರಾಂಶವನ್ನು ನಾವು ಹೀಗಳೆಯುತ್ತಿಲ್ಲ. ತನ್ನ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದರ ಕೆಲಸ ಯಾವುದು? ಒಂದು ಡಿಸ್ಕು ನಿಂತಾಗ ಕಚೇರಿ ನಿಲ್ಲದಂತೆ ನೋಡಿಕೊಳ್ಳುವುದು. ನೆನಪನ್ನು ಕಾಪಾಡುವ ಹೊಣೆಯನ್ನು ಅದು ಎಂದೂ ಹೊತ್ತಿಲ್ಲ. ಯಾರೋ ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಎರಡೂ ಡಿಸ್ಕುಗಳಲ್ಲಿ ಅದೇ ಕ್ಷಣ ಅಳಿಸಿಹೋಗುತ್ತದೆ. ಕನ್ನಡಿಯೆದುರು ನಿಂತು ಮೀಸೆ ಬೋಳಿಸಿಕೊಂಡರೆ ಕನ್ನಡಿಯೊಳಗಿನವನ ಮೀಸೆ ಉಳಿಯುತ್ತದೆಯೆ?

ಈಗ ದೀಪದ ಮಾತಿಗೆ ಬರೋಣ. ನಮ್ಮ ಆಕ್ಷೇಪಣೆಗಳು ಮೂರು.

ಮೊದಲನೆಯದು, ಹೇಳಬೇಕಾದಾಗ ಹೇಳದಿರುವುದು. ಪ್ರತಿ ಡಿಸ್ಕಿನಲ್ಲೂ ತನ್ನ ಆರೋಗ್ಯವನ್ನು ತಾನೇ ಪರೀಕ್ಷಿಸಿ ‘ಪಾಸ್’ ಎಂದು ಹೇಳಿಕೊಳ್ಳುವ ಏರ್ಪಾಡಿದೆ. 2007ರಲ್ಲಿ ಗೂಗಲ್ ಸಂಸ್ಥೆಯವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳ ಚರಿತ್ರೆಯನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚಿನವು, ಮುಖ್ಯವೆಂದು ಗುರುತಿಸಿದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ನೂರಕ್ಕೆ 36ಕ್ಕೂ ಹೆಚ್ಚಿನವು ಯಾವ ಲಕ್ಷಣವನ್ನೂ ತೋರಿಸಿರಲಿಲ್ಲ. ಮರುವರ್ಷ, 2008ರಲ್ಲಿ, ಇನ್ನೊಂದು ಅಧ್ಯಯನ ಹೊರಬಂತು. 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳ ಕಾಲ ಗಮನಿಸಿದಾಗ, ಬರೆದದ್ದೊಂದು ಓದಿದ್ದೊಂದು ಆಗಿದ್ದ ಪ್ರಸಂಗಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಸಿಕ್ಕವು. ಅವುಗಳಲ್ಲಿ ನೂರಕ್ಕೆ ಎಂಟರಷ್ಟು ಗೊತ್ತಾದದ್ದು ಯಾವಾಗ? ಬೇರೊಂದು ಡಿಸ್ಕು ಕೆಟ್ಟು, ಅದನ್ನು ಉಳಿದವುಗಳಿಂದ ಮರಳಿ ಕಟ್ಟುತ್ತಿದ್ದಾಗ. ನೆರವಿಗೆ ಕೈ ಚಾಚಿದ ಹೊತ್ತಿನಲ್ಲಿಯೇ ನೆರವಿನ ಕೈ ಮುರಿದಿತ್ತೆಂದು ತಿಳಿಯುವುದೆಂದರೆ ಇದೇ. ಅಲ್ಲಿಯವರೆಗೆ ದೀಪ ಹಸಿರಾಗಿಯೇ ಇತ್ತು.

ಇನ್ನು ಒಂದು ಡಿಸ್ಕು ಪೂರ್ತಿ ಸತ್ತೇಹೋಯಿತೆನ್ನಿ. ಲಿನಕ್ಸ್ ಇದನ್ನು ತಿಳಿಸುವ ಬಗೆ ಕೇಳಿ. ಎರಡೂ ಸರಿಯಿದ್ದರೆ ಪರದೆಯ ಮೇಲೆ ಇಂಗ್ಲಿಷಿನ ‘ಯು’ ಅಕ್ಷರ ಎರಡು ಸಲ ಮೂಡುತ್ತದೆ. ಒಂದು ಸತ್ತರೆ ಆ ಜಾಗದಲ್ಲಿ ಒಂದು ಅಡ್ಡಗೆರೆ. ಅಷ್ಟೆ! ಮನೆಯಲ್ಲಿ ಸಾವಾದರೆ ಬಾಗಿಲಲ್ಲಿ ಬೆಂಕಿಯಾದರೂ ಇಡುತ್ತಾರೆ. ಇಲ್ಲಿ ಒಂದು ಗೆರೆ. ಅದಲ್ಲದೆ ಪತ್ರ ಬರೆದು ತಿಳಿಸುವ ಏರ್ಪಾಡೂ ಇದೆ. ಆದರೆ ಬೇರೆ ವಿಳಾಸ ಬರೆದಿಡದಿದ್ದರೆ ಆ ಪತ್ರ ಸೇರುವುದು ಅದೇ ಯಂತ್ರದೊಳಗಿನ ಮೇಲ್ವಿಚಾರಕನ ಅಂಚೆಪೆಟ್ಟಿಗೆಗೆ. ಅದನ್ನು ತೆರೆದು ನೋಡುವ ಗೃಹಸ್ಥರು ಎಷ್ಟು ಜನ?

ಎರಡನೆಯ ಆಕ್ಷೇಪಣೆ, ಹೇಳಬೇಕಾಗಿಲ್ಲದಾಗ ಕೂಗುವುದು. ಮೊತ್ತ ತಾಳೆಯಾಗದ ಜಾಗಗಳನ್ನು ಎಣಿಸುವ ಲೆಕ್ಕವೊಂದು ಲಿನಕ್ಸ್‌ನ ರೇಡ್‌ನಲ್ಲಿದೆ. ಅದರಲ್ಲಿ 128 ಎಂದು ಕಂಡರೆ 128 ಕಡೆ ಕೆಟ್ಟಿದೆಯೆಂದು ಯಾರಾದರೂ ತಿಳಿಯುವುದು ಸಹಜ. ನಿಜವಾಗಿ, 64 ಕಿಲೋಬೈಟಿನ ಒಂದು ತುಂಡಿನಲ್ಲಿ ಎಲ್ಲೋ ಒಂದು ವ್ಯತ್ಯಾಸ ಸಿಕ್ಕಿದರೂ ಇಡೀ ತುಂಡಿನ 128 ಭಾಗಗಳನ್ನು ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಮೇಲಾಗಿ, ಕನ್ನಡಿ ಜೋಡಣೆಯಲ್ಲಿ ಈ ವ್ಯತ್ಯಾಸ ಯಾರೂ ಓದದ, ಕಂಪ್ಯೂಟರು ತಾತ್ಕಾಲಿಕವಾಗಿ ಗೀಚಿ ಬಿಟ್ಟ ಜಾಗದಲ್ಲಿಯೂ ಇರಬಹುದು. ಆಗ ನಷ್ಟವೇನೂ ಇಲ್ಲ. ಇದನ್ನೆಲ್ಲ ಆ ತಂತ್ರಾಂಶದ ಕೈಪಿಡಿ ಪ್ರಾಮಾಣಿಕವಾಗಿ ಬರೆದಿದೆ, ಒಪ್ಪೋಣ. ಆದರೆ ಆ ಪ್ರಾಮಾಣಿಕತೆ ಕೈಪಿಡಿಯಿಂದ ಪರದೆಯವರೆಗೆ ನಡೆದು ಬರುವುದಿಲ್ಲ.

ವ್ಯಾಪಾರಸ್ಥರದು ಇನ್ನೊಂದು ತರಹ. 2023ರಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಡಿಸ್ಕುಗಳನ್ನು ಸಿನಾಲಜಿ ಪೆಟ್ಟಿಗೆಗಳಲ್ಲಿ ಹಾಕಿದ್ದ ಬಳಕೆದಾರರಿಗೆ ಇದ್ದಕ್ಕಿದ್ದಂತೆ ಎಚ್ಚರಿಕೆಯ ಸೂಚನೆ ಬರತೊಡಗಿತು. ಡಿಸ್ಕು ಕೆಟ್ಟಿತ್ತೆ? ಇಲ್ಲ. ಅದು ಮೂರು ವರ್ಷ ಓಡಿತ್ತು, ಅಷ್ಟೇ ಅಪರಾಧ. ಮೂರು ವರ್ಷವಾಯಿತು, ಬೇಗ ಹೊಸದನ್ನು ಹಾಕುವ ವಿಚಾರ ಮಾಡಿ ಎಂಬುದು ಆ ಸೂಚನೆಯ ತಾತ್ಪರ್ಯ. ಇದನ್ನು ಆರೋಗ್ಯ ತಪಾಸಣೆ ಎನ್ನಬೇಕೆ, ಅಂಗಡಿಯ ಜಾಹೀರಾತು ಎನ್ನಬೇಕೆ? ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಕೊನೆಗೆ ಕುರಿ ಕಳೆದುಕೊಂಡದ್ದು ಊರವರೂ ಹೌದು ಎಂಬುದನ್ನು ಮರೆಯಬಾರದು. ನಾಲ್ಕು ಸಲ ಸುಳ್ಳು ಕೂಗಿದ ಪೆಟ್ಟಿಗೆಯ ಬೀಪ್ ಶಬ್ದವನ್ನು ಗುಮಾಸ್ತ ಐದನೆಯ ಸಲ ಆರಿಸಿಬಿಟ್ಟರೆ ತಪ್ಪು ಗುಮಾಸ್ತನದೆ?

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ‘ರಿಪೇರಿ’ ಎಂಬ ಮಾತಿನ ದುರುಪಯೋಗ. ಖರ್ಚಿನ ಪುಸ್ತಕದ ಮೂರನೆಯ ಸಂದರ್ಭವನ್ನು ನೆನೆಯಿರಿ. ಮೊತ್ತ ತಾಳೆಯಾಗದಾಗ ರಿಪೇರಿಯ ಆಜ್ಞೆ ಕೊಟ್ಟರೆ ಲಿನಕ್ಸ್ ರೇಡ್ ಏನು ಮಾಡುತ್ತದೆ? ಮೊತ್ತದ ಬಗೆಯ ಜೋಡಣೆಯಾದರೆ ಬಾಬುಗಳೆಲ್ಲ ಸರಿಯೆಂದು ಭಾವಿಸಿ ಮೊತ್ತವನ್ನು ತಿದ್ದಿ ಬರೆಯುತ್ತದೆ. ಕನ್ನಡಿಯಾದರೆ ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದರ ಮೇಲೆ ಬರೆಯುತ್ತದೆ. ಆರಿಸಿದ್ದೇ ಕೆಟ್ಟ ಪ್ರತಿಯಾಗಿದ್ದರೆ? ಒಳ್ಳೆಯ ಪ್ರತಿ ಅಳಿಯಿತು. ಈಗ ಎರಡೂ ಕೆಟ್ಟವು, ಎರಡೂ ಒಂದೇ ಸಮ. ಲೆಕ್ಕ ತಾಳೆಯಾಯಿತು, ದೀಪ ಹಸಿರಾಯಿತು! ನಮ್ಮ ಊರಿನವರಿಗೆ ಈ ಬಗೆಯ ತಾಳೆ ಹೊಸದಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಳ್ಳುವವರೆಗೆ, ಆ ಲೆಕ್ಕವೂ ವರ್ಷ ವರ್ಷ ತಾಳೆಯಾಗುತ್ತಲೇ ಇತ್ತು. ಪುಸ್ತಕ ಪುಸ್ತಕಕ್ಕೆ ಹೊಂದುವುದು ಬೇರೆ, ಪುಸ್ತಕ ಪೆಟ್ಟಿಗೆಯೊಳಗಿನ ಹಣಕ್ಕೆ ಹೊಂದುವುದು ಬೇರೆ.

ಇದಕ್ಕೆ ಬೇರೆ ಉಪಾಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಬರೆದ ಪ್ರತಿ ತುಂಡಿಗೂ ಬೆರಳಗುರುತಿನಂತಹ ಒಂದು ಲೆಕ್ಕವನ್ನು ಬೇರೆ ಇಟ್ಟು, ಎರಡು ಪ್ರತಿಗಳು ಭಿನ್ನವಾದಾಗ ಯಾವುದು ನಿಜವೆಂದು ಹೇಳಬಲ್ಲ ವ್ಯವಸ್ಥೆಯನ್ನು ಸನ್ ಸಂಸ್ಥೆಯವರು 2005ರಲ್ಲಿಯೇ ಝಡ್‌ಎಫ್‌ಎಸ್ ಎಂಬ ಹೆಸರಿನಿಂದ ಹೊರತಂದರು. ಅದು ಉಚಿತವಾಗಿಯೇ ಸಿಗುತ್ತದೆ. ಆದುದರಿಂದ ಇಂದಿಗೂ ಕುರುಡು ದೀಪದ ಪೆಟ್ಟಿಗೆಗಳನ್ನು ‘ಸುರಕ್ಷಿತ’ ಎಂದು ಮಾರುವುದು ಅಜ್ಞಾನವೆನಿಸದು, ಉದಾಸೀನವೆನಿಸುತ್ತದೆ.

ಈ ಮಾತುಗಳಿಗೆ ಬಲ್ಲವರಿಂದ ಬರುವ ಉತ್ತರ ನಮಗೆ ಗೊತ್ತು. ‘ರೇಡ್ ಎಂದರೆ ಬ್ಯಾಕಪ್ ಅಲ್ಲ, ಇದು ಎಲ್ಲರಿಗೂ ತಿಳಿದ ವಿಷಯ, ತಿಳಿಯದವರದು ತಪ್ಪು.’ ಎಲ್ಲರಿಗೂ ಅಂದರೆ ಯಾರಿಗೆ? ಮಾಧಾಪುರದಲ್ಲಿ ಕೆಲಸ ಮಾಡುವವರಿಗೆ ತಿಳಿದಿರಬಹುದು. ನಿವೃತ್ತ ಉಪಾಧ್ಯಾಯರೊಬ್ಬರು ಸಂಘದ ಕಾರ್ಯದರ್ಶಿಯಾಗಿ ಪೆಟ್ಟಿಗೆ ಕೊಳ್ಳಲು ಹೋದಾಗ, ಅಂಗಡಿಯಲ್ಲಿ ಯಾರು ಇದನ್ನು ಹೇಳುತ್ತಾರೆ? ಡಬ್ಬದ ಮೇಲೆ ‘ಮಾಹಿತಿ ರಕ್ಷಣೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಷರತ್ತನ್ನು ಕೈಪಿಡಿಯ ನೂರನೆಯ ಪುಟದಲ್ಲಿ ಇಡುವುದು ಯಾವ ಸೀಮೆಯ ಧರ್ಮ?

ಅದಿರಲಿ, ಬಲ್ಲವರೇ ಬಚಾವಾಗಿದ್ದಾರೆಯೆ? ಗಿಟ್‌ಲ್ಯಾಬ್ ಎಂಬುದು ಇಂಜಿನಿಯರುಗಳಿಗಾಗಿ ಇಂಜಿನಿಯರುಗಳೇ ನಡೆಸುವ ಸಂಸ್ಥೆ. 2017ರ ಜನವರಿ 31ರಂದು ಅಲ್ಲಿ ಒಬ್ಬರ ಕೈತಪ್ಪಿನಿಂದ ಮುಖ್ಯ ಮಾಹಿತಿಕೋಶವೇ ಅಳಿಸಿಹೋಯಿತು. ಪ್ರತಿ ತೆಗೆದಿಡಲು ಐದು ಏರ್ಪಾಡುಗಳಿದ್ದವು. ಹೊತ್ತಿಗೆ ಒಂದೂ ಸರಿಯಾಗಿ ಒದಗಲಿಲ್ಲ. ಒಂದು ಏರ್ಪಾಡು ಬಹಳ ದಿನಗಳಿಂದ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಪತ್ರಗಳನ್ನು ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಪತ್ರ ಬರುತ್ತಿಲ್ಲವಾದ್ದರಿಂದ ಎಲ್ಲ ಕ್ಷೇಮವೆಂದು ಎಲ್ಲರೂ ತಿಳಿದಿದ್ದರು. ಅದೃಷ್ಟವಶಾತ್ ಆರು ಗಂಟೆ ಮೊದಲು ಬೇರೆ ಕಾರಣಕ್ಕೆ ತೆಗೆದ ಒಂದು ಪ್ರತಿ ಉಳಿದಿತ್ತು. ಇನ್ನು ದಕ್ಷಿಣ ಕೊರಿಯದ ಸರಕಾರ. 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ರಾಷ್ಟ್ರೀಯ ಮಾಹಿತಿ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿ, ಸರಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟಿನ ಭಂಡಾರ ಸುಟ್ಟುಹೋಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಅದರ ಪ್ರತಿಯನ್ನು ಇಟ್ಟಿರಲಿಲ್ಲ. ಇಂತಹವರಿಗೇ ಈ ಗತಿಯಾದರೆ, ಎಲ್ಲ ತಪ್ಪನ್ನೂ ಉಪಾಧ್ಯಾಯರ ತಲೆಗೆ ಕಟ್ಟುವುದು ಸಲ್ಲದು.

ಈಗ ‘ಸ್ವತಂತ್ರ’ ಎಂಬ ಮಾತನ್ನು ವಿಚಾರಿಸೋಣ. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಕಾರ್ಖಾನೆಯ ಒಂದೇ ಕಂತಿನ ಎರಡು ಡಿಸ್ಕು ಕೊಂಡು, ಒಂದೇ ಡಬ್ಬದಲ್ಲಿ, ಒಂದೇ ವಿದ್ಯುತ್ ತಂತಿಗೆ ಸಿಕ್ಕಿಸಿ, ಹಗಲಿರುಳು ಸಮನಾಗಿ ದುಡಿಸಿದರೆ ಅವು ಸ್ವತಂತ್ರವಾದವೆ? ಒಂದು ಸತ್ತಾಗ ಅದರ ಭಾರವೆಲ್ಲ ಅಷ್ಟೇ ವಯಸ್ಸಾದ ಇನ್ನೊಂದರ ಮೇಲೆ ಬೀಳುತ್ತದೆ. ಮೊದಲಿನಿಂದ ಕೊನೆಯವರೆಗೆ ಅದನ್ನು ಒಂದೇ ಸಮನೆ ಓದಿಸಬೇಕಾಗುತ್ತದೆ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರಳಯದ ಪಾಠವೂ ಇದೇ. ಮೇಲ್ಭಾಗದ ಕೆರೆಗಳು ಒಂದರ ಕೆಳಗೊಂದಿದ್ದವು. ಒಂದು ಒಡೆದಾಗ ಅದರ ನೀರು ಮುಂದಿನದನ್ನೂ ಒಡೆಯಿತು. ಸಾವಿರಾರು ಜನ ಸತ್ತರು. ನಿಜಾಮ ಸರಕಾರ ಮರುವರ್ಷ ಕರೆಸಿದ್ದು ನಮ್ಮವರೇ ಆದ ವಿಶ್ವೇಶ್ವರಯ್ಯನವರನ್ನು. ನಗರದೊಳಗಿನ ದಂಡೆಗಳನ್ನು ಎತ್ತರಿಸಿ ಅವರು ಸುಮ್ಮನಾಗಲಿಲ್ಲ. ನಗರದಿಂದ ಮೈಲುಗಟ್ಟಲೆ ದೂರದಲ್ಲಿ, ನದಿಯ ಮೇಲ್ಭಾಗದಲ್ಲಿ ನೀರು ತಡೆಯುವ ಯೋಜನೆ ಕೊಟ್ಟರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ರಕ್ಷಣೆ ಎಂಬುದು ಅಪಾಯದ ಜಾಗದಿಂದ ದೂರವಿರಬೇಕೆಂಬ ವಿವೇಕ ಅದು. ಆ ವಿವೇಕವನ್ನು ಮರೆತವರಿಗೆ 2020ರ ಅಕ್ಟೋಬರ್ ಮಳೆ ಮತ್ತೆ ನೆನಪಿಸಿತು. ಟೋಲಿಚೌಕಿ, ಸರೂರ್‌ನಗರದ ಕಡೆ ಮನೆಗಳೊಳಗೆ ನೀರು ನುಗ್ಗಿದಾಗ ಒಂದೇ ಡಬ್ಬದಲ್ಲಿದ್ದ ಎರಡು ಡಿಸ್ಕುಗಳಲ್ಲಿ ಒಂದನ್ನು ಮುಳುಗಿಸಿ ಒಂದನ್ನು ಬಿಡುವ ದಾಕ್ಷಿಣ್ಯ ಯಾವ ನೀರಿಗಿದೆ?

ದೂರದ ಪ್ರತಿ ಏನು ಮಾಡಬಲ್ಲದೆಂಬುದಕ್ಕೂ ನಮ್ಮ ನಗರಕ್ಕೆ ಸಂಬಂಧಿಸಿದ ನಿದರ್ಶನವಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಪುಸ್ತಕ ಸ್ಕ್ಯಾನ್ ಮಾಡಿದ ಪ್ರಮುಖ ಕೇಂದ್ರಗಳಲ್ಲೊಂದು ಗಚ್ಚಿಬೌಲಿಯ ಐಐಐಟಿ. ಕನ್ನಡದ ಎಷ್ಟೋ ಅಪರೂಪದ ಪುಸ್ತಕಗಳು ಆ ಯೋಜನೆಯಿಂದ ಬೆಳಕು ಕಂಡವು. ಮುಂದೆ ಆ ಯೋಜನೆಯ ತಾಣವೇ ಮುಚ್ಚಿಹೋಯಿತು. ಆದರೂ ಆ ಪುಸ್ತಕಗಳಲ್ಲಿ ಲಕ್ಷಗಟ್ಟಲೆ ಇಂದಿಗೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತಿದ್ದರೆ, ಅದಕ್ಕೆ ಕಾರಣ ಬೇರೆಯವರು ಮೊದಲೇ ಬೇರೆ ಕಡೆ ತೆಗೆದಿಟ್ಟಿದ್ದ ಪ್ರತಿ. ಎಷ್ಟು ಡಿಸ್ಕುಗಳ ಯಾವ ಜೋಡಣೆಯೂ ಆ ಕೆಲಸ ಮಾಡುತ್ತಿರಲಿಲ್ಲ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ತಯಾರಕರಿಗೆ: ‘ಆರೋಗ್ಯ ಚೆನ್ನಾಗಿದೆ’ ಎಂಬ ಮಾತನ್ನು ಬಿಡಿ. ‘ಒಳಗಿರುವುದನ್ನೆಲ್ಲ ಕೊನೆಯ ಸಲ ಓದಿ ನೋಡಿದ್ದು ಇಂಥ ತಾರೀಖು, ಹೊರಗೆ ಇದರ ಪ್ರತಿ ಇಲ್ಲ’ ಎಂದು ಬರೆಯಿರಿ. ಯಾವುದನ್ನು ಪರೀಕ್ಷಿಸಿಲ್ಲವೋ ಅದಕ್ಕೆ ಹಸಿರು ಬಣ್ಣ ಕೊಡಬೇಡಿ. ಯಾವುದು ನಿಜವೆಂದು ತಿಳಿಯದೆ ಮಾಡುವ ಕೆಲಸವನ್ನು ರಿಪೇರಿ ಎನ್ನಬೇಡಿ.

ಸಂಘಗಳಿಗೆ: ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಬೀದರಿನಲ್ಲೋ ಕಲಬುರಗಿಯಲ್ಲೋ ರಾಯಚೂರಿನಲ್ಲೋ ನೆಂಟರಿಲ್ಲದ ಹೈದರಾಬಾದಿನ ಹಳೆಯ ಕನ್ನಡ ಮನೆಗಳು ಕಡಿಮೆ. ಯುಗಾದಿಗೆ ಊರಿಗೆ ಹೋಗುವಾಗ ಚೀಲದಲ್ಲಿ ಒಂದು ಡಿಸ್ಕು ಒಯ್ದು ಅವರ ಬೀರುವಿನಲ್ಲಿಟ್ಟು ಬರುವುದು ಅಸಾಧ್ಯವೆ? ಕ್ಲೌಡ್‌ನಲ್ಲಿ ಇಟ್ಟಿದ್ದೇವೆ ಎನ್ನುವವರು ಇಡಲಿ, ಅದೂ ಒಂದು ಪ್ರತಿ. ಆದರೆ ಅದೂ ಬೇರೆಯವರ ಪೆಟ್ಟಿಗೆಯೇ, ಅದಕ್ಕೂ ಒಂದು ದೀಪವಿದೆ. ಮೂಲ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಕಾರ್ಯಕಾರಿ ಸಮಿತಿಯ ಠರಾವು ಆಗಲೇಬೇಕು. ಮುಖ್ಯವಾಗಿ, ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸಿದ ಮೇಲೆ ಇನ್ನೊಂದು ಬಾಬು ಸೇರಲಿ: ಸದಸ್ಯರೊಬ್ಬರು ಯಾವುದೋ ಒಂದು ಹಳೆಯ ಸಂಚಿಕೆಯನ್ನೋ ಚಿತ್ರವನ್ನೋ ಹೆಸರಿಸಲಿ, ಕಾರ್ಯದರ್ಶಿಗಳು ಅದನ್ನು ಆ ದೂರದ ಪ್ರತಿಯಿಂದ ತೆಗೆದು ಸಭೆಯೆದುರು ತೆರೆದು ತೋರಿಸಲಿ. ಹತ್ತು ನಿಮಿಷದ ಕೆಲಸ.

ತೆರೆದುಕೊಂಡರೆ ಎಲ್ಲರೂ ಚಪ್ಪಾಳೆ ತಟ್ಟೋಣ. ತೆರೆಯದಿದ್ದರೆ, ಮೂಲ ಕಾಗದಗಳು ಇನ್ನೂ ಟ್ರಂಕಿನಲ್ಲಿರುವಾಗಲೇ ಅದು ತಿಳಿಯಿತೆಂದು ಸಮಾಧಾನಪಡೋಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದರು. ಹಸಿರಾಗಿರುವುದೆಲ್ಲ ಕ್ಷೇಮವಲ್ಲ ಎಂಬ ಮಾತನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳುವ ಹೊಣೆ ನಮ್ಮ ಪಾಲಿನದು.